ಕೆಂಚಕ್ಕನ ಮಾಳಿಗೆಗೆ ನಾನು ಹಾಕಿದ ಸಿಮೆಂಟು

ನಲವತ್ತೊಂದು ವರ್ಷ ನಾನು ಜನರ ತಲೆಯ ಮೇಲೆ ನಿಂತು ದುಡಿದೆ. ಸೋರುವ ಮನೆಗಳ ರಿಪೇರಿ ನನ್ನ ಕಸುಬು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ಕಡೆ ನಾನು ಹತ್ತದ ಮಾಡು ಕಡಿಮೆ. ನಾನು ಹತ್ತಿ ಇಳಿದ ಮೇಲೆ ಸೋರದೆ ಉಳಿದ ಮಾಡು ಅದಕ್ಕಿಂತ ಕಡಿಮೆ. ನಾಲ್ಕು ವರ್ಷದ ಹಿಂದೆ ಮೊಣಕಾಲುಗಳು ಏಣಿಯನ್ನು ಕಂಡರೆ ಒಲ್ಲೆ ಎನ್ನತೊಡಗಿದವು, ಕೆಲಸ ಬಿಟ್ಟೆ. ಊರಿನ ಮಾಡುಗಳು ಅಂದು ನಿಟ್ಟುಸಿರು ಬಿಟ್ಟಿರಬೇಕು.

ಮಳೆಯೇ ಇಲ್ಲದ ನಮ್ಮ ಸೀಮೆಯಲ್ಲಿ ಸೋರುವ ಮನೆ ರಿಪೇರಿ ಮಾಡಿ ಹೊಟ್ಟೆ ಹೊರೆಯುವುದು ಹೇಗೆ ಎಂದು ಹೊರಗಿನವರು ಕೇಳುತ್ತಾರೆ. ಮಳೆ ಇಲ್ಲದ್ದರಿಂದಲೇ ಹೊರೆದೆವು. ಮಳೆಗಾಲವೆಂದರೆ ಮೇಸ್ತ್ರಿಗೆ ಪರೀಕ್ಷೆ. ಮಲೆನಾಡಿನಲ್ಲಿ ಆ ಪರೀಕ್ಷೆ ನಾಲ್ಕು ತಿಂಗಳು ನಡೆಯುತ್ತದೆ. ನಮ್ಮಲ್ಲಿ ವರ್ಷಕ್ಕೆ ನಾಲ್ಕು ದಿನ, ಮತ್ತು ಆ ನಾಲ್ಕು ದಿನ ಮೇಸ್ತ್ರಿ ಊರಲ್ಲಿರುವುದಿಲ್ಲ.

ನಾನು ಎಸ್ಸೆಸ್ಸೆಲ್ಸಿ ಪಾಸಾದವನು, ಬರೆದು ರೂಢಿಯಿಲ್ಲ. ಆದರೂ ಈ ಕೆಲಸಕ್ಕೆ ಈಗ ಇಳಿಯುತ್ತಿರುವ ಹುಡುಗರೂ ಮನೆಯ ಯಜಮಾನರೂ ಓದಲಿ ಎಂದು ಬರೆಯುತ್ತಿದ್ದೇನೆ. ಬರೆಯಲು ಕಾರಣ ಕೆಂಚಕ್ಕ. ತಾಳ್ಯದ ಹತ್ತಿರದ ಹಳ್ಳಿಯವಳು. ಅವಳ ಮನೆ ನನ್ನ ಕೆಲಸದಿಂದ ಬಿತ್ತು. ಅವಳ ತಪ್ಪಿನಿಂದ ಬಿತ್ತೆಂದು ಊರು ಒಂಬತ್ತು ವರ್ಷ ನಂಬಿತು. ನಂಬಿದರೆ ನಂಬಲಿ ಎಂದು ನಾನು ಬಾಯಿ ಮುಚ್ಚಿಕೊಂಡಿದ್ದೆ. ಅಂಥ ಮನುಷ್ಯ ಹೇಗೆ ತಯಾರಾದ ಎಂಬುದನ್ನು ಮೊದಲು ಹೇಳುತ್ತೇನೆ.

ನನಗೆ ಕೆಲಸ ಕಲಿಸಿದವರು ದುರ್ಗದ ರುದ್ರಪ್ಪ ಮೇಸ್ತ್ರಿ. ಬೆಳಿಗ್ಗೆ ಬಿಳಿ ಪಂಚೆ ಉಟ್ಟು ಕೆಲಸಕ್ಕೆ ಬರುತ್ತಿದ್ದರು, ಸಂಜೆಗೂ ಅದು ಬಿಳಿಯಾಗಿಯೇ ಇರುತ್ತಿತ್ತು. ಕೆಲಸ ಎಷ್ಟು ಮಾಡುತ್ತಿದ್ದರೆಂದು ಇದರಲ್ಲೇ ತಿಳಿದುಕೊಳ್ಳಿ. ಆದರೆ ಅವರಿಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ. ಇಟ್ಟಿಗೆ ಜಲ್ಲಿಗೆ ಸುಣ್ಣ ಬೆರೆಸಿ, ಅಳಲೆಕಾಯಿ ಮತ್ತು ಬೆಲ್ಲ ನೆನೆಸಿದ ನೀರು ಚಿಮುಕಿಸಿ, ಹತ್ತು ಹೆಂಗಸರನ್ನು ಸಾಲಾಗಿ ಕೂರಿಸಿ ಮರದ ಹಲಗೆಯಿಂದ ಮೂರು ದಿನ ಬಡಿಸುತ್ತಿದ್ದರು. ಬಡಿದ ಹಲಗೆ ಚೆಂಡಿನಂತೆ ಮೇಲಕ್ಕೆ ಪುಟಿದರೆ ಮಾತ್ರ ಕೆಲಸ ಮುಗಿಯಿತೆಂದು ಲೆಕ್ಕ. ಆ ಮಾಡುಗಳು ದುರ್ಗದಲ್ಲಿ ಈಗಲೂ ಇವೆ, ಸೋರುವುದಿಲ್ಲ. ಅದಕ್ಕೇ ನಾವು ಆ ಕೆಲಸ ಬಿಟ್ಟೆವು. ಸೋರದ ಮಾಡು ಕಟ್ಟಿದವನನ್ನು ಮತ್ತೆ ಯಾರು ಕರೆಯುತ್ತಾರೆ?

ನಾನು ಸೇರಿದ ಎರಡನೆಯ ವರ್ಷ ರುದ್ರಪ್ಪನವರು ತಮ್ಮ ಹೊಸ ಸಿದ್ಧಾಂತ ಉಪದೇಶಿಸಿದರು.

"ಲೇ, ಸೋರೋದನ್ನ ನಿಲ್ಸಾಕೆ ಹೋಗಬ್ಯಾಡ. ಜಾಗ ಬದಲಾಯ್ಸು. ಅಡಿಗೆಮನ್ಯಾಗ ಸೋರ್ತೈತಾ? ಪಡಸಾಲಿಗೆ ತಾ. ಮನೆಯಾಕಿ ಕೈ ಮುಗೀತಾಳೆ. ಆಮೇಲೆ ಪಡಸಾಲ್ಯಾಗ ಕೂರೋ ಯಜಮಾನ ಕರೀತಾನೆ. ಇಬ್ರೂ ನಮ್ಮೋರೇ ತಾನೆ?"

ನೀರು ಒಂದು ಕಡೆ ಒಳಗಿಳಿದು, ಮಾಡಿನೊಳಗೆ ತನಗಿಷ್ಟ ಬಂದಷ್ಟು ದೂರ ನಡೆದು, ಇನ್ನೊಂದು ಕಡೆ ತೊಟ್ಟಿಕ್ಕುತ್ತದೆ. ಇದು ನಮ್ಮ ಕಸುಬಿನ ಮೊದಲ ಪಾಠ. ಆದರೆ ಯಜಮಾನರು ತೊಟ್ಟಿಕ್ಕುವ ಜಾಗದ ನೇರಕ್ಕೆ ಬೆರಳು ತೋರಿಸಿ "ಇಲ್ಲೇ ಮೆತ್ತಿ" ಎನ್ನುತ್ತಾರೆ. ನಾವು ಅಲ್ಲೇ ಮೆತ್ತುತ್ತಿದ್ದೆವು. ಹೊಟ್ಟೆನೋವು ಎಂದವನ ಹೊಟ್ಟೆಗೆ ಪಟ್ಟಿ ಸುತ್ತಿ ಕಳಿಸುವ ವೈದ್ಯನೂ ನಾವೂ ಒಂದೇ.

ಹಿರಿಯೂರಿನಲ್ಲಿ ಒಬ್ಬ ಕೊಬ್ಬರಿ ವ್ಯಾಪಾರಿಯ ಮನೆ. ಮಲಗುವ ಕೋಣೆಯ ಮೂಲೆಯಲ್ಲಿ ಸೋರಿಕೆ. ಆ ಮೂಲೆಯ ನೇರಕ್ಕೆ ಮೇಲೆ ಮೂರು ಸಲ ಬಳಿದೆ. ಮೂರನೆಯ ಸಲ ಬಳಿದ ಮೇಲೆ ಯಜಮಾನರ ಹೆಂಡತಿ ಸರೋಜಮ್ಮ ಫೋನು ಮಾಡಿದರು.

"ಮೇಸ್ತ್ರಿ, ಮತ್ತೆ ಸೋರ್ತೈತೆ."

"ಮಳೆ ಜೋರು ಬಂತೇನ್ರಮ್ಮ?"

"ಮಳೆನಾ? ಯುಗಾದಿ ಆಗಿ ಹದಿನೈದು ದಿನ ಆತು. ಮೋಡ ಯಾವ ಬಣ್ಣ ಇರ್ತೈತೆ ಅಂತ ಹಿರಿಯೂರು ಮರ್ತು ಕುಂತೈತೆ. ನೀವೇನು ಆಗುಂಬ್ಯಾಗ ಇದೀರೇನು?"

ಹೋದೆ. ಸರೋಜಮ್ಮ ಒಂದು ಬಿಳಿ ಹಾಸಿಗೆ ಹೊದಿಕೆ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಅದರ ನಡುವೆ ರೊಟ್ಟಿಯಗಲದ ಹಳದಿ ಕಲೆ. ನೀರಿನ ಟ್ಯಾಂಕು ತುಂಬಿ ಚೆಲ್ಲುವ ಕೊಳವೆ ಹಿಂದುಗಡೆ ಒಡೆದಿತ್ತು. ಬೆಳಿಗ್ಗೆ ಮೋಟಾರು ಹಾಕಿದಾಗಲೆಲ್ಲ ಅಲ್ಲಿ ನೀರು ನಿಂತು, ಟ್ಯಾಂಕಿನ ಬುಡದಿಂದ ಇಳಿಯುತ್ತಿತ್ತು. ಆಕೆಗೆ ಅನುಮಾನ ಬಂದು, ನಿಂತ ಆ ನೀರಿಗೆ ಒಂದು ಹಿಡಿ ಅರಿಶಿನ ಕಲಸಿ ಬಂದು ಹಾಸಿಗೆಯ ಪಕ್ಕ ಕಾದು ಕುಳಿತಿದ್ದರು.

"ನೋಡ್ರಿ, ನಿಮ್ಮ ವಾಟರ್‌ಪ್ರೂಫಿಗೆ ಅರಿಶಿನ ಶಾಸ್ತ್ರ ಮಾಡಿ ಮುಗಿಸೀನಿ. ಇನ್ನು ಯಾರಿಗಾದ್ರೂ ಕೊಟ್ಟು ಮದ್ವೆ ಮಾಡ್ರಿ."

ಏಳನೆಯ ಕ್ಲಾಸು ಓದಿದ ಹೆಂಗಸು ಒಂದು ಬೆಳಿಗ್ಗೆಯಲ್ಲಿ ಕಂಡುಹಿಡಿದದ್ದು ನನಗೆ ಮೂರು ವರ್ಷ ಕಾಣಲಿಲ್ಲ. 'ಎಲ್ಲಿ ಸೋರುತ್ತದೆ' ಎಂದು ಮಾತ್ರ ಕೇಳುತ್ತಿದ್ದೆ. ಮೊದಲು ಕೇಳಬೇಕಾದದ್ದು 'ಯಾವಾಗ ಸೋರುತ್ತದೆ' ಎಂದು. ಮಳೆ ಬಂದ ಕೂಡಲೆಯೋ, ಮಳೆ ನಿಂತ ಮೇಲೋ, ಮಳೆಯೇ ಇಲ್ಲದಾಗಲೋ. ಆ ಒಂದು ಪ್ರಶ್ನೆ ಕೇಳಿದರೆ ಅರ್ಧ ಏಣಿ ಹತ್ತಿದಂತೆ.

ಹೊಸದುರ್ಗದ್ದು ಇನ್ನೊಂದು ಬಗೆ. ಅಲ್ಲಿ ನೀರಿಗಿಂತ ಗಾಳಿ ದೊಡ್ಡದು. ಆಷಾಢದಲ್ಲಿ ಶೀಟು ಹಾರದಿರಲೆಂದು ಜನ ಮಾಡಿನ ಮೇಲೆ ಕಲ್ಲು ಹೇರುತ್ತಾರೆ. ಗಾಳಿ ನಿಂತ ಮೇಲೆ ಕಲ್ಲಿನ ಭಾರಕ್ಕೆ ಬಿರುಕು ಬಿಟ್ಟ ಶೀಟಿನಿಂದ ಸೋರುತ್ತದೆ ಎಂದು ನಮ್ಮನ್ನು ಕರೆಯುತ್ತಾರೆ. ಅಲ್ಲಿ ಒಬ್ಬ ನಿವೃತ್ತ ಮೇಷ್ಟ್ರ ಕೊಟ್ಟಿಗೆಗೆ ಏರುತಗ್ಗಿನ ಶೀಟು ಹೊದಿಸಿ ಬೋಲ್ಟು ಹಾಕಿದ್ದೆ. ಮೊದಲ ಮಳೆಗೇ ಬೋಲ್ಟಿಗೊಂದು ಧಾರೆ ಇಳಿಯಿತು. ಮೇಷ್ಟ್ರು ಕರೆಸಿದರು.

"ನೀರು ಎಲ್ಲಿ ಹರೀತೈತಪ್ಪ, ಏರಿನಾಗೋ ತಗ್ಗಿನಾಗೋ?"

"ತಗ್ಗಿನಾಗೆ ಸಾರ್."

"ನೀನು ತೂತು ಎಲ್ಲಿ ಹೊಡ್ದೀಯ?"

"ತಗ್ಗಿನಾಗೆ ಸಾರ್."

"ಕುಂತ್ಕ."

ಕುಂತೆ. ಎಮ್ಮೆಯ ಮುಂದೆ ಅರ್ಧ ಗಂಟೆ ಕೂರಿಸಿ, ಆಮೇಲೆ ಮಜ್ಜಿಗೆ ಕೊಟ್ಟರು.

ಅಷ್ಟರಲ್ಲಿ ಡಬ್ಬಿಗಳ ಕಾಲ ಬಂತು. ಬಳಿದರೆ ಹತ್ತು ವರ್ಷ ಗ್ಯಾರಂಟಿ. ಡಬ್ಬಿಯ ಮೇಲೆ ಗಂಡ, ಹೆಂಡತಿ, ಎರಡು ಮಕ್ಕಳು ಮಳೆಯಲ್ಲಿ ನಗುತ್ತಾ ನಿಂತ ಚಿತ್ರ. ಮನೆ ಸೋರದಿದ್ದರೆ ಇವರೇಕೆ ಹೊರಗೆ ನಿಂತಿದ್ದಾರೆ ಎಂದು ಯಾರೂ ಕೇಳಲಿಲ್ಲ. ಡಬ್ಬಿಯಲ್ಲಿರುವುದು ಕೆಟ್ಟದ್ದೇನಲ್ಲ. ಮಾಡನ್ನು ಉಜ್ಜಿ, ತೊಳೆದು, ಒಣಗಿಸಿ, ಬಿರುಕು ತುಂಬಿ, ಆಮೇಲೆ ಎರಡು ಸಲ ಬಳಿಯಬೇಕು. ಬಳಿದ ಮೇಲೆ ಮಣ್ಣಿನ ಕಟ್ಟೆ ಕಟ್ಟಿ ಎರಡು ದಿನ ನೀರು ನಿಲ್ಲಿಸಿ ಪರೀಕ್ಷಿಸಬೇಕು. ನಾವು ಧೂಳು, ಪಾರಿವಾಳದ ಹಿಕ್ಕೆ, ಒಣಗಿದ ಪಾಚಿ ಎಲ್ಲದರ ಮೇಲೂ ಬಳಿದು ಮೊದಲ ಬಸ್ಸು ಹತ್ತುತ್ತಿದ್ದೆವು. ಮರುವರ್ಷ ಅದು ಕಾವಲಿಯ ದೋಸೆಯಂತೆ ಅಂಚಿನಿಂದ ಎದ್ದು ಬರುತ್ತಿತ್ತು. ಇನ್ನೊಂದು ಮಾತು. ನಾನು ನಿಲ್ಲಿಸಿದ ಸೋರಿಕೆಗಳಲ್ಲಿ ಎಷ್ಟೋ ನಿಂತದ್ದು ನೀರು ಹೊರಗೆ ಹೋಗುವ ಕಂಡಿಗೆ ಕೈ ಹಾಕಿ ಹಳೆಯ ಚಪ್ಪಲಿ, ಎಲೆ, ಕ್ರಿಕೆಟ್ ಚೆಂಡು ತೆಗೆದದ್ದರಿಂದ. ಅದನ್ನು ಮನೆಯವರಿಗೆ ಹೇಳದೆ ಡಬ್ಬಿಯನ್ನೂ ಬಳಿದು ಬಂದೆ. ನೀವು ಡಬ್ಬಿ ತರುವ ಮುಂಚೆ ಕಂಡಿಗೆ ಕೈ ಹಾಕಿ ನೋಡಿ.

ಇಲ್ಲಿಯವರೆಗೆ ನಕ್ಕಿರಬಹುದು. ಇದರಲ್ಲಿ ಯಾರ ಮೈಗೂ ಪೆಟ್ಟಾಗಲಿಲ್ಲ.

ಕೆಂಚಕ್ಕನದು ಹಳೆಯ ಮಾಳಿಗೆ ಮನೆ, ಎಂದರೆ ಚಪ್ಪಟೆ ಮಣ್ಣಿನ ಮಾಡಿನದು. ಮಣ್ಣಿನ ಗೋಡೆ, ಮರದ ತೊಲೆ, ಅದರ ಮೇಲೆ ಜಂತೆ ಎಂಬ ಅಡ್ಡಮರಗಳ ಸಾಲು, ಬಂದರೆ ಗಿಡದ ಸೊಪ್ಪು, ಮಣ್ಣು, ಎಲ್ಲದರ ಮೇಲೆ ಒಂದು ಪದರ ಕರಲು ಮಣ್ಣು. ಬೂದಿಬಣ್ಣದ ಉಪ್ಪುಪ್ಪಾದ ಈ ಮಣ್ಣು ನೆನೆದರೆ ಉಬ್ಬಿ ತನ್ನ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಪ್ರತಿ ವರ್ಷ ರೋಹಿಣಿ ಮಳೆಗೆ ಮುಂಚೆ ಹೊಸದಾಗಿ ಹರಡಬೇಕು. ಯಾವ ಗುಂಡಿಯ ಮಣ್ಣು ಒಳ್ಳೆಯದೆಂದು ಕೆಂಚಕ್ಕ ಚಿಟಿಕೆ ತೆಗೆದು ನಾಲಿಗೆಗೆ ಇಟ್ಟುಕೊಂಡು ಹೇಳುತ್ತಿದ್ದಳು. ಮಾಳಿಗೆಯ ಮೇಲೆ ಹಿಮ್ಮಡಿಯಿಂದ ಒದೆಯುತ್ತಾ ನಡೆದು, ಸದ್ದು ಕೇಳಿಯೇ ಇಲ್ಲಿ ಇಲಿ ಬಿಲ, ಇಲ್ಲಿ ಜಂತೆ ಸಡಿಲ ಎನ್ನುತ್ತಿದ್ದಳು. ವೈಶಾಖ ಬಂತೆಂದರೆ ಊರಿನ ಪ್ರತಿ ಮನೆಯವರೂ "ಒಂದೀಟು ನಮ್ಮ ಮಾಳಿಗೆ ಮ್ಯಾಲೆ ಓಡಾಡಿ ಹೋಗಕ್ಕ" ಎಂದು ಕರೆಯುತ್ತಿದ್ದರು. ಅಕ್ಷರ ಬಾರದ ಅವಳಿಗೆ ಆ ಊರಲ್ಲಿ ಎಂಜಿನಿಯರನ ಮರ್ಯಾದೆ ಇತ್ತು.

ಹನ್ನೆರಡು ವರ್ಷದ ಹಿಂದೆ ನಾನು ಆ ಊರಿಗೆ ಹೋದದ್ದು ಮಣ್ಣಿನ ಮಾಳಿಗೆಗಳ ಮೇಲೆ ಎರಡಂಗುಲ ಸಿಮೆಂಟು ಕಾಂಕ್ರೀಟು ಹಾಕುವ ಹೊಸ ವಿದ್ಯೆ ಹೊತ್ತುಕೊಂಡು. ಕೆಂಚಕ್ಕ ಒಪ್ಪಿದರೆ ಊರು ಒಪ್ಪುತ್ತದೆ ಎಂದು ನನಗೆ ಗೊತ್ತಿತ್ತು. ಬೆಳಿಗ್ಗೆ ಹಾಲಿನ ಡೈರಿಯ ಮುಂದೆ, ಎಲ್ಲರೂ ಕ್ಯಾನು ಹಿಡಿದು ನಿಂತಿದ್ದಾಗ ಮಾತು ತೆಗೆದೆ.

"ಕೆಂಚಕ್ಕ, ಇನ್ನೂ ಎಷ್ಟು ವರ್ಷ ಮಣ್ಣು ಹೊರ್ತೀಯ? ಸಿಮೆಂಟು ಹಾಕ್ಸಿ ಆರಾಮಾಗಿರು."

"ಮಣ್ಣು ಸೋರಿದ್ರೆ ಬಾಯಿ ಬಿಟ್ಟು ಹೇಳ್ತೈತೆ ಕಣಪ್ಪ. ತಟಕ್ ಅಂತ ತಲೆ ಮ್ಯಾಲೆ ಬೀಳ್ತೈತೆ. ನಿನ್ನ ಸಿಮೆಂಟು ಸೋರಿದ್ರೆ ಹೇಳ್ತೈತಾ?"

"ಸಿಮೆಂಟು ಸೋರಲ್ಲ."

"ಹಂಗಂತ ಸಿಮೆಂಟು ಹೇಳ್ತಾ, ನೀನು ಹೇಳಿದ್ಯಾ?"

ಜನ ನಕ್ಕರು. ನನಗೆ ಉರಿಯಿತು. ಪಕ್ಕದಲ್ಲೇ ಅವಳ ಸೊಸೆ ಕ್ಯಾನು ಹಿಡಿದು ನಿಂತಿದ್ದಳು. ಎಲ್ಲರಿಗೂ ಕೇಳುವಂತೆ ಹೇಳಿದೆ: "ಆತು ಬಿಡು. ನಾಳೆ ಮಾಳಿಗೆ ಮ್ಯಾಲಿಂದ ಬಿದ್ದು ಸೊಂಟ ಮುರ್ಕಂಡ್ರೆ ಸೊಸೆ ನೋಡ್ಕಂತಾಳಾ?"

ಸೊಸೆಯ ಮುಖ ಕೆಂಪಾಯಿತು. ಮರುದಿನ ಕೆಂಚಕ್ಕನ ಮಗ ಸಿಮೆಂಟು ಹಾಕಿಕೊಡಿ ಎಂದು ನನ್ನನ್ನು ಹುಡುಕಿಕೊಂಡು ಬಂದ. ಹಾಕಿದೆ.

ಮಣ್ಣಿನ ಮೇಲೆ ಸಿಮೆಂಟು ಹಾಕಿದರೆ ಏನಾಗುತ್ತದೆ ಎಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ದುರ್ಗದಲ್ಲಿ ರುದ್ರಪ್ಪನವರ ಜೊತೆಯಲ್ಲಿ ಅಂಥದ್ದೊಂದು ಮಾಡು ಒಡೆದಿದ್ದೆವು. ಬಿಸಿಲಿಗೆ ಸಿಮೆಂಟು ಕೂದಲೆಳೆಯಂತೆ ಬಿರುಕು ಬಿಡುತ್ತದೆ. ನೀರು ಅಲ್ಲಿಂದ ಒಳಗಿಳಿಯುತ್ತದೆ, ಆದರೆ ಮೇಲೆ ಮುಚ್ಚಳವಿರುವುದರಿಂದ ಆರುವುದಿಲ್ಲ. ಮಣ್ಣು ಸ್ಪಂಜಿನಂತೆ ಹೀರಿಕೊಂಡು ಕೂರುತ್ತದೆ. ಕೆಳಗೆ ಒಂದು ಹನಿಯೂ ಬೀಳುವುದಿಲ್ಲ, ಒಳಗೆ ಜಂತೆ ಕೊಳೆಯುತ್ತದೆ. ಅಂದು ಅದನ್ನು ನೋಡಿ ರುದ್ರಪ್ಪನವರು ಹೇಳಿದ್ದು ಒಂದೇ ಮಾತು. "ಮುಚ್ಚು."

ಎರಡು ಮಳೆಗಾಲ ಕೆಂಚಕ್ಕನ ಮನೆಯಲ್ಲಿ ಹನಿ ಬೀಳಲಿಲ್ಲ. ಅವಳೇ ಡೈರಿಯ ಮುಂದೆ "ನಾನು ಸೋತೆ ಕಣಪ್ಪ ಮೇಸ್ತ್ರಿ, ನೀನು ಗೆದ್ದೆ" ಎಂದಳು. ಅದನ್ನು ಕೇಳಿ ಇನ್ನೂ ಐದು ಮನೆಯವರು ಹಾಕಿಸಿದರು.

ಮೂರನೆಯ ವರ್ಷ ಹಸ್ತ ಮಳೆ ಮೂರು ದಿನ ಹಿಡಿಯಿತು. ಆಗ ಮಾಳಿಗೆ ಬೀಳಲಿಲ್ಲ. ನಾಲ್ಕನೆಯ ದಿನ, ಒಳ್ಳೆಯ ಬಿಸಿಲಿನಲ್ಲಿ, ಮಧ್ಯಾಹ್ನ ಬಿತ್ತು. ಮಗ ಸೊಸೆ ಹೊಲದಲ್ಲಿದ್ದರು. ಮೊರ ತರಲು ಒಳಗೆ ಹೋಗಿದ್ದ ಕೆಂಚಕ್ಕ ಹೊಸಿಲು ದಾಟುವಷ್ಟರಲ್ಲಿ ತೊಲೆಯ ತುದಿ ಎಡಗಾಲಿನ ಮೇಲೆ ಕೂತಿತು. ಎರಡು ತಿಂಗಳು ದುರ್ಗದ ಆಸ್ಪತ್ರೆ. ಕಾಲು ಉಳಿಯಿತು, ನೆಟ್ಟಗಾಗಲಿಲ್ಲ.

ಸುದ್ದಿ ಕೇಳಿ ಮರುದಿನವೇ ಹೋದೆ. ಜನ ನಿಂತು ಮಾತಾಡುತ್ತಿದ್ದರು. "ಮಣ್ಣಿನ ಮನೆ, ಬೀಳದೆ ಇನ್ನೇನು," ಎಂದನೊಬ್ಬ. "ವರ್ಷಾ ವರ್ಷಾ ಮ್ಯಾಲೆ ಹತ್ತಿ ಕುಣ್ದು ಕುಣ್ದು ಜಂತೆ ಸಡ್ಲ ಮಾಡಿದ್ಲು, ದೊಡ್ಡ ಮಾಳಿಗೆ ಪಂಡಿತೆ," ಎಂದಳೊಬ್ಬಳು. ಅವಶೇಷದ ನಡುವೆ ನನ್ನ ಕಾಲ ಬುಡದಲ್ಲೇ ಒಂದು ಜಂತೆಯ ತುಂಡು ಬಿದ್ದಿತ್ತು. ಕಪ್ಪಗೆ, ನೆನೆದ ಬ್ರೆಡ್ಡಿನಂತೆ. ಯಾರಾದರೂ ಅದನ್ನು ಎತ್ತಿ ನೋಡಿದ್ದರೆ ನನ್ನ ಕಥೆ ಅಂದೇ ಮುಗಿಯುತ್ತಿತ್ತು. ಕಾಲಿನಿಂದ ಅದನ್ನು ಮಣ್ಣಿನೊಳಕ್ಕೆ ತಳ್ಳಿದೆ. ಆಮೇಲೆ ಆಸ್ಪತ್ರೆಗೂ ಹೋದೆ.

"ಮೂರು ವರ್ಷ ಮ್ಯಾಲೆ ಹತ್ತಿ ನೋಡ್ಲೇ ಇಲ್ಲ ಕಣಪ್ಪ. ನಂದೇ ತಪ್ಪು," ಎಂದಳು ಕೆಂಚಕ್ಕ.

"ಗೆದ್ದಲು ಅಕ್ಕ," ಎಂದೆ. "ಗೆದ್ದಲು ಹಿಡ್ದಿತ್ತು."

ಇಷ್ಟಕ್ಕೇ ಬಿಡಲಿಲ್ಲ. ಹೊಸದುರ್ಗದ ಕಡೆ ಹೋದಾಗ "ತಾಳ್ಯದ ಹತ್ರ ಮಾಳಿಗೆ ಬಿದ್ದು ಹೆಂಗಸಿನ ಕಾಲು ಹೋತಲ್ಲ, ಗೊತ್ತಿಲ್ವಾ? ಮಣ್ಣು ನಂಬಬ್ಯಾಡ್ರಿ, ಸಿಮೆಂಟು ಹಾಕ್ಸ್ರಿ" ಎನ್ನುತ್ತಿದ್ದೆ. ಅವಳ ಮುರಿದ ಕಾಲನ್ನೇ ಜಾಹೀರಾತು ಮಾಡಿಕೊಂಡೆ. ಕೆಂಚಕ್ಕನನ್ನು ಆಮೇಲೆ ಯಾರೂ ತಮ್ಮ ಮಾಳಿಗೆ ನೋಡಲು ಕರೆಯಲಿಲ್ಲ.

ಅವಳ ಮಾತು ನಂಬಿ ಹಾಕಿಸಿದ ಐದು ಮನೆಗಳಲ್ಲಿ ನಾಲ್ಕನ್ನು ಯಜಮಾನರೇ ಕೆಡವಿ ಹೊಸ ಮನೆ ಕಟ್ಟಿಕೊಂಡರು. ಉಳಿದದ್ದು ಪರಮೇಶಿಯದು. ಈ ಚೈತ್ರದಲ್ಲಿ ಹೊಳಲ್ಕೆರೆ ಬಸ್‌ಸ್ಟ್ಯಾಂಡಿನಲ್ಲಿ ಪರಮೇಶಿ ಸಿಕ್ಕ. ಕೈ ಹಿಡಿದುಕೊಂಡ.

"ಮೇಸ್ತ್ರಿ, ಏನು ಕೆಲ್ಸ ಮಾಡೀರಿ ಮಾರಾಯ್ರೆ! ಇವತ್ತಿಗೂ ಒಂದು ಹನಿ ಇಲ್ಲ. ಮಗಳ ಬಾಣಂತನ ಅದೇ ಮನ್ಯಾಗೆ ಮಾಡ್ತಾ ಇದೀವಿ. ಗಂಡು ಮಗು. ಬರ್ರಿ ಒಂದ್ಸಲ."

ಒಂದು ಹನಿ ಇಲ್ಲ ಎಂದರೆ ಏನರ್ಥವೆಂದು ಆ ಬಸ್‌ಸ್ಟ್ಯಾಂಡಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಎರಡು ದಿನ ಹೋಗಲೋ ಬೇಡವೋ ಎಂದು ಕಳೆದೆ. ಮೂರನೆಯ ದಿನ ತಾಳ್ಯದ ಬಸ್ಸು ಹತ್ತಿದೆ. ನೇರವಾಗಿ ಪರಮೇಶಿಯ ಮನೆಗೆ ಹೋಗಬೇಕಿತ್ತು. ಧೈರ್ಯವಾಗದೆ ಮೊದಲು ಕೆಂಚಕ್ಕನ ಹತ್ತಿರ ಹೋದೆ.

ಮಗ ಕಟ್ಟಿಸಿದ ಹೊಸ ಮನೆಯ ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. "ಬಾರಪ್ಪ ಮೇಸ್ತ್ರಿ, ಕುಂತ್ಕ. ಈ ಮನೆ ಸೋರಲ್ಲ, ಯಾಕೆ ಬಂದೆ?"

ಎಲ್ಲವನ್ನೂ ಹೇಳಿದೆ. ಜಂತೆಯ ತುಂಡನ್ನು ಕಾಲಿನಿಂದ ತಳ್ಳಿದ್ದನ್ನೂ ಹೇಳಿದೆ. ಅವಳ ಕೈ ನಿಲ್ಲಲಿಲ್ಲ, ಬೀಜಗಳು ಒಂದೊಂದಾಗಿ ಮೊರಕ್ಕೆ ಬೀಳುತ್ತಿದ್ದವು.

"ಗೆದ್ದಲು ಅಂದಿದ್ಯಲ್ಲೋ," ಎಂದಳು ಕೊನೆಗೆ.

"ಗೆದ್ದಲಲ್ಲ ಅಕ್ಕ. ನಾನು."

"ಅದನ್ನ ನನ್ನ ಕಿವ್ಯಾಗೆ ಯಾಕೆ ಹೇಳ್ತೀಯ? ಸೊಸೆ ನೋಡ್ಕಂತಾಳಾ ಅಂತ ಡೈರಿ ಮುಂದೆ ಕೇಳಿದ್ಯಲ್ಲ, ಅಲ್ಲೇ ಹೇಳು. ಸಾಯಂಕಾಲ ಹಾಲು ಹಾಕಾಕೆ ಎಲ್ಲಾ ಬರ್ತಾರೆ."

ಸಾಯಂಕಾಲ ಹೇಳಿದೆ. ಕ್ಯಾನುಗಳ ಸಾಲಿನ ಮುಂದೆ ನಿಂತು, ಶಾಲೆಯಲ್ಲಿ ತಪ್ಪೊಪ್ಪಿಕೊಳ್ಳುವ ಹುಡುಗನಂತೆ ಹೇಳಿದೆ. ಅದೇ ಸೊಸೆ ಅದೇ ಸಾಲಿನಲ್ಲಿ ನಿಂತಿದ್ದಳು. ಒಂಬತ್ತು ವರ್ಷ ಅತ್ತೆಯ ಕಾಲಿಗೆ ಎಣ್ಣೆ ತಿಕ್ಕಿದವಳು. ಅವಳು ಒಂದೇ ಮಾತು ಕೇಳಿದಳು: "ನೋಡ್ಕಂಡೆ ಮೇಸ್ತ್ರಿ. ಸಾಕಾ?"

ಒಬ್ಬ ನಕ್ಕ. "ಹಲ್ಲು ಉದುರಿದ ಮ್ಯಾಲೆ ಹುಲಿ ಸೊಪ್ಪು ತಿನ್ನಾಕೆ ಬಂತು ನೋಡ್ರಲೇ." ಉಳಿದವರೂ ನಕ್ಕರು. ಪರಮೇಶಿ ನಗಲಿಲ್ಲ. ಅವನ ಕ್ಯಾನು ಓರೆಯಾಗಿ ಹಾಲು ಕಾಲಿನ ಮೇಲೆ ಚೆಲ್ಲುತ್ತಿತ್ತು.

"ಮೇಸ್ತ್ರಿ, ನಮ್ಮನೆ?"

"ನನ್ನ ಕೇಳಬ್ಯಾಡಪ್ಪ. ಕೆಂಚಕ್ಕನ್ನ ಕೇಳು."

ಒಂಬತ್ತು ವರ್ಷದ ಮೇಲೆ ಆ ಊರಿನವರು ಕೆಂಚಕ್ಕನನ್ನು ಮಾಳಿಗೆ ನೋಡಲು ಕರೆದರು. ಮೇಲೆ ಹತ್ತಲಾರಳು, ಕುಂಟುತ್ತಾ ಪರಮೇಶಿಯ ಮನೆಯೊಳಗೆ ಹೋಗಿ ಕೋಲಿನಿಂದ ಒಂದೊಂದೇ ಜಂತೆ ಬಡಿದಳು. ಠಣ್. ಠಣ್. ಮೂರನೆಯದು ದಪ್ ಎಂದಿತು. ನಾಲ್ಕನೆಯದೂ ಹಾಗೆಯೇ. ಅದರ ಕೆಳಗೆ ತೊಟ್ಟಿಲಿತ್ತು.

"ಪರಮೇಶಿ, ಹಾರೆ ತಗಂಡು ಚುಚ್ಚು. ಮೆಲ್ಲಕೆ."

ಹಾರೆಯ ಮೊನೆ ನೀರೊಡೆದ ಬೆಲ್ಲಕ್ಕೆ ಹೋದಂತೆ ಹೋಯಿತು. ಹಾರೆಗುಂಟ ಕಪ್ಪು ನೀರು ಇಳಿದು ಪರಮೇಶಿಯ ಮೊಣಕೈವರೆಗೆ ಬಂತು. ಹೊರಗೆ ಚೈತ್ರದ ಇಳಿಬಿಸಿಲು. ಆ ಊರು ಮಳೆ ಕಂಡು ಐದು ತಿಂಗಳಾಗಿತ್ತು.

"ತೊಟ್ಲು ಹೊರಗೆ ತಗೀರಿ," ಎಂದಳು ಕೆಂಚಕ್ಕ. "ಹೊತ್ತು ಮುಳುಗಾಗಂಟ ಕಾಯಬ್ಯಾಡ್ರಿ. ಈಗ್ಲೇ."

ಆ ಸಿಮೆಂಟನ್ನು ನಾನೇ ಒಡೆದೆ. ಅರವತ್ತೊಂಬತ್ತರ ಮೊಣಕಾಲುಗಳು ಏಣಿಯ ಪ್ರತಿ ಮೆಟ್ಟಿಲಿನಲ್ಲೂ ನನ್ನನ್ನು ಬೈದವು. ಹದಿಮೂರು ದಿನ ಹಿಡಿಯಿತು. ಕೊಳೆತ ಏಳು ಜಂತೆ ತೆಗೆದು ಹೊಸವು ಹಾಕಿದೆವು. ಗೋಡೆ ಮಣ್ಣಿನದು, ಕಾಂಕ್ರೀಟಿನ ಭಾರ ತಡೆಯುವುದಿಲ್ಲ. ಆದ್ದರಿಂದ ಮತ್ತೆ ಬಂದರೆ ಸೊಪ್ಪು, ಮತ್ತೆ ಮಣ್ಣು. ಮಣ್ಣಿನ ಮಾಳಿಗೆಯವರು ನನ್ನಂಥವನ ಮಾತು ಕೇಳಬೇಡಿ. ಈಗಾಗಲೇ ಮೇಲೆ ಸಿಮೆಂಟು ಹಾಕಿಸಿಕೊಂಡಿದ್ದರೆ, ಹನಿ ಬೀಳುತ್ತಿಲ್ಲವೆಂದು ನೆಮ್ಮದಿಯಾಗಿ ಮಲಗಬೇಡಿ. ಕೋಲಿನಿಂದ ಜಂತೆ ಬಡಿದು ನೋಡಿ.

ಕೊನೆಯ ಪದರಕ್ಕೆ ಕರಲು ಮಣ್ಣು ಬೇಕಿತ್ತು. ಕೆಂಚಕ್ಕ ಕೋಲೂರಿಕೊಂಡು ಹಳ್ಳದ ದಂಡೆಯವರೆಗೆ ಬಂದಳು. ದಾರಿಯಲ್ಲಿ ಇಬ್ಬರು ಹೆಂಗಸರು ನಿಲ್ಲಿಸಿ "ನಮ್ಮನೇದೂ ಒಂದೀಟು ಬಡ್ದು ನೋಡಕ್ಕ" ಎಂದರು. "ನೋಡಾಣ, ಸರದಿ ಐತೆ," ಎಂದು ಬಿಗುಮಾನದಿಂದ ಮುಂದೆ ನಡೆದಳು. ಎರಡು ಗುಂಡಿ ಬಿಟ್ಟು ಮೂರನೆಯದರ ಮುಂದೆ ನಿಂತು, ಒಂದು ಚಿಟಿಕೆ ಮಣ್ಣು ತೆಗೆದಳು. ತಾನು ರುಚಿ ನೋಡಲಿಲ್ಲ, ನನ್ನ ಕಡೆ ಚಾಚಿದಳು.

"ನಾಲಿಗೆ ಮ್ಯಾಲೆ ಇಟ್ಕ."

ಇಟ್ಟುಕೊಂಡೆ.

"ಏನೈತೆ?"

"ಉಪ್ಪು ಐತೆ ಅಕ್ಕ."

"ಹಂಗಾದ್ರೆ ಹೊರು," ಎಂದು ಮಣ್ಣು ಹೊರುವ ಪುಟ್ಟಿಯನ್ನು ಕೋಲಿನಿಂದ ನನ್ನ ಕಡೆ ತಳ್ಳಿದಳು.